ಒಂದೇ ಆವರ್ತನ, ಹಲವು ದಾರಿ: ‘ಸ್ಟ್ಯಾಂಡ್ ಬೈ ಮಿ’ಯ ಯಾವ ಆವೃತ್ತಿಯನ್ನು ಕಲಿಯಬೇಕು?

ಬೆನ್ ಇ. ಕಿಂಗ್ ಹಾಡಿದ ‘ಸ್ಟ್ಯಾಂಡ್ ಬೈ ಮಿ’ 1961ರಲ್ಲಿ ಅಮೆರಿಕದ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು, ಪಾಪ್ ಪಟ್ಟಿಯಲ್ಲಿ ನಾಲ್ಕನೆಯದಕ್ಕೆ. ಅಲ್ಲಿಂದೀಚೆಗೆ 400ಕ್ಕೂ ಹೆಚ್ಚು ಕಲಾವಿದರು ಇದನ್ನು ಮತ್ತೆ ಧ್ವನಿಮುದ್ರಿಸಿದ್ದಾರೆ. ಗಿಟಾರ್ ಹಿಡಿದ ಹೊಸಬರು, ಕಾಲೇಜ್ ಬ್ಯಾಂಡಿನವರು, ಗೆಳೆಯನ ಮದುವೆಗೆ ಒಂದು ಇಂಗ್ಲಿಷ್ ಹಾಡು ಬೇಕೆನ್ನುವವರು, ಎಲ್ಲರೂ ಒಂದಲ್ಲ ಒಂದು ದಿನ ಇದರ ಹತ್ತಿರ ಬರುತ್ತಾರೆ. ಯಾವ ಆವೃತ್ತಿಯನ್ನು ಮಾದರಿಯಾಗಿ ಇಟ್ಟುಕೊಳ್ಳುವುದು ಎಂಬಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಬಹುತೇಕರು ತಮಗೆ ಇಷ್ಟವಾದ ಗಾಯಕರದನ್ನು ಆರಿಸಿ, ವೇದಿಕೆ ಹತ್ತಿದ ಮೇಲೆ ಒದ್ದಾಡುತ್ತಾರೆ. ಆರಿಸುವ ಮೊದಲು ಹಾಡಿನ ಕಟ್ಟಡ ಹೇಗಿದೆ ಎಂದು ನೋಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಹಾಡಿಡೀ ಇರುವುದು ನಾಲ್ಕೇ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ನಾಲ್ಕೇ ಗುಂಪು. ಮೂಲ ಶ್ರುತಿ ಎ ಮೇಜರ್, ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಆರು. ಎ ಎರಡು ಬಾರ್, ಎಫ್ ಶಾರ್ಪ್ ಮೈನರ್ ಎರಡು ಬಾರ್, ಡಿ ಒಂದು, ಇ ಒಂದು, ಮತ್ತೆ ಎ ಎರಡು. ಒಂದು ಬಾರ್‌ಗೆ ನಾಲ್ಕು ಎಣಿಕೆ, ಒಟ್ಟು 32 ಎಣಿಕೆಯ ಆವರ್ತನ. ಚರಣಕ್ಕೂ ಇದೇ, ಪಲ್ಲವಿಗೂ ಇದೇ, ನಡುವಿನ ವಾದ್ಯಸಂಗೀತಕ್ಕೂ ಇದೇ. ನಿಮಿಷಕ್ಕೆ ಸುಮಾರು 118 ಎಣಿಕೆಯ ನಡೆಯಲ್ಲಿ, ಮೂರು ನಿಮಿಷದೊಳಗೆ ಈ ಆವರ್ತನ ಹತ್ತು ಹನ್ನೊಂದು ಸಲ ತಿರುಗುತ್ತದೆ. ಸ್ವರಗಳೆಲ್ಲ ಶಂಕರಾಭರಣದವು. ಕಲಿಯಲು ಇಷ್ಟು ಸುಲಭವಾದ ಹಾಡು ಇನ್ನೊಂದು ಸಿಗುವುದು ಕಷ್ಟ, ಕೇಳುಗರಿಗೆ ಇಷ್ಟು ಬೇಗ ಬೇಸರ ತರಿಸಬಲ್ಲ ಹಾಡೂ ಅಪರೂಪ. ಕಾರ್ಡ್‌ಗಳ ಸಾಲು ಬದಲಾಗುವುದಿಲ್ಲ, ಶ್ರುತಿ ಏರುವುದಿಲ್ಲ, ಬೇರೆ ದಾಟಿಯ ಅನುಪಲ್ಲವಿ ಬಂದು ಕಾಪಾಡುವುದೂ ಇಲ್ಲ. ಐದನೆಯ ಆವರ್ತನವು ಎರಡನೆಯದಕ್ಕಿಂತ ಹೇಗೆ ಬೇರೆಯಾಗಿ ಕೇಳಬೇಕು ಎಂಬ ಒಂದೇ ಪ್ರಶ್ನೆಗೆ ಒಬ್ಬೊಬ್ಬರೂ ಒಂದೊಂದು ಉತ್ತರ ಕೊಟ್ಟಿದ್ದಾರೆ. ನೀವು ಆರಿಸಬೇಕಾದದ್ದು ಆ ಉತ್ತರವನ್ನು.

ನಾಲ್ಕು ಅಳತೆಗೋಲು

ಮೊದಲನೆಯದು ಶ್ರುತಿ. ಚರಣ ಕೆಳಗೆ ಆರಾಮವಾಗಿ ಓಡಾಡುತ್ತದೆ, ಪಲ್ಲವಿ ಮೇಲಕ್ಕೆ ಹೋಗುತ್ತದೆ. ಚರಣ ಹಾಡಿ ನೋಡಿ ಶ್ರುತಿ ನಿಗದಿ ಮಾಡಿದವರು ಪಲ್ಲವಿಯಲ್ಲಿ ಕಿರುಚುತ್ತಾರೆ. ಅದಕ್ಕೇ ಮೊದಲು ಪಲ್ಲವಿಯನ್ನು ಪೂರ್ತಿ ದನಿಯಲ್ಲಿ ಮೂರು ಸಲ ಹಾಡಿ. ಮೂರನೆಯ ಸಲವೂ ಗಂಟಲು ಬಿಗಿಯದಿದ್ದರೆ ಆ ಶ್ರುತಿ ನಿಮ್ಮದು. ಆಮೇಲೆ ಚರಣದ ಕೆಳಗಿನ ಸ್ವರ ಕೇಳಿಸುವಷ್ಟಿದೆಯೇ ಎಂದು ನೋಡಿ. ಹೆಣ್ಣುದನಿಗೆ ಸಾಮಾನ್ಯವಾಗಿ ಸಿ ಅಥವಾ ಡಿ ಹೊಂದುತ್ತದೆ. ಕರೋಕೆ ಆ್ಯಪ್‌ನಲ್ಲಾದರೆ ಮೂಲ ಶ್ರುತಿಗಿಂತ ಮೂರರಿಂದ ಐದು ಮೆಟ್ಟಿಲು ಮೇಲೆ.

ಎರಡನೆಯದು, ನಿಮ್ಮ ಜೊತೆ ಯಾರಿದ್ದಾರೆ, ಏನಿದೆ. ಒಂದು ಗಿಟಾರ್ ಮಾತ್ರವೇ, ತಗ್ಗುಸ್ವರದ ಬೇಸ್ ನುಡಿಸುವವರು ಇದ್ದಾರೆಯೇ, ಹಿಮ್ಮೇಳಕ್ಕೆ ಮೂರು ದನಿ ಸಿಗುತ್ತದೆಯೇ? ಮೂರನೆಯದು ಏರಿಕೆ, ಅಂದರೆ ಆವರ್ತನದಿಂದ ಆವರ್ತನಕ್ಕೆ ಹಾಡನ್ನು ಎತ್ತರಿಸುವುದು ವಾದ್ಯವೋ, ಕಂಠವೋ, ಲಯವೋ. ನಾಲ್ಕನೆಯದು ಅಭ್ಯಾಸಕ್ಕೆ ಸಿಗುವ ಸಮಯ. ಒಂದು ವಾರದಲ್ಲಿ ಒಬ್ಬರ ಆವೃತ್ತಿ ತಯಾರಾಗುತ್ತದೆ. ವೃಂದಗಾನಕ್ಕೆ ಒಂದು ತಿಂಗಳಾದರೂ ಬೇಕು.

ಮೂಲ: ಬೆನ್ ಇ. ಕಿಂಗ್

ಬೇರೆ ಯಾವುದನ್ನೇ ಆರಿಸಿದರೂ ಇದನ್ನು ಹತ್ತು ಸಲ ಕೇಳಿಯೇ ಮುಂದೆ ಹೋಗಬೇಕು. 1960ರ ಅಕ್ಟೋಬರ್ 27ರಂದು ನ್ಯೂಯಾರ್ಕಿನಲ್ಲಿ ಧ್ವನಿಮುದ್ರಣವಾಯಿತು. ಗೀತೆ ಕಿಂಗ್, ಜೆರ್ರಿ ಲೀಬರ್ ಮತ್ತು ಮೈಕ್ ಸ್ಟೋಲರ್ ಹೆಸರಲ್ಲಿದೆ. ಎಲ್ಲರ ಕಿವಿಯಲ್ಲಿ ಕೂತಿರುವ ಆ ಬೇಸ್ ಸಾಲು ಸ್ಟೋಲರ್ ಕೊಟ್ಟದ್ದು, ನುಡಿಸಿದವರು ಲಾಯ್ಡ್ ಟ್ರಾಟ್‌ಮನ್.

ಏರಿಕೆಯ ಕ್ರಮವನ್ನು ಗಮನಿಸಿ. ಮೊದಲ ಆವರ್ತನದಲ್ಲಿ ಬೇಸ್ ಜೊತೆಗೆ ಒಂದು ಟ್ರಯಾಂಗಲ್, ಒಂದು ಗ್ವೀರೋ, ಅಂದರೆ ಗೀರು ಕೊರೆದ ಬುರುಡೆಯನ್ನು ಕಡ್ಡಿಯಿಂದ ಉಜ್ಜುವ ವಾದ್ಯ. ಆಮೇಲೆ ಕಂಠ. ಪಿಟೀಲಿನಂಥ ತಂತಿವಾದ್ಯಗಳು ಆಮೇಲಷ್ಟೇ ಸೇರಿಕೊಳ್ಳುತ್ತವೆ, ಹಿಮ್ಮೇಳವೂ ಹಾಗೆಯೇ. ನಡುವೆ ಕಿಂಗ್ ಸುಮ್ಮನಾಗಿ ಇಡೀ ಜಾಗವನ್ನು ತಂತಿವಾದ್ಯಗಳಿಗೆ ಬಿಟ್ಟುಕೊಡುತ್ತಾರೆ. ಕಂಠ ಕೊನೆಯವರೆಗೂ ಹೆಚ್ಚೇನೂ ಅಬ್ಬರಿಸುವುದಿಲ್ಲ. ಭಾರ ಹೊರುವುದು ವಾದ್ಯವೃಂದ, ಸ್ಟ್ಯಾನ್ಲಿ ಆ್ಯಪಲ್‌ಬಾಮ್ ಅವರ ಸಂಯೋಜನೆ.

ಹಾಗಾಗಿ ಮೂಲವನ್ನು ಹಾಗೆಯೇ ತೆಗೆದುಕೊಳ್ಳುವುದರಲ್ಲಿ ಒಂದು ತೊಡಕಿದೆ. ತಂತಿವಾದ್ಯವಿಲ್ಲದ ಬ್ಯಾಂಡ್, ಕಿಂಗ್ ಅವರ ಹಾಗೆಯೇ ಸಮಾಧಾನದಿಂದ ಹಾಡಿದರೆ ಎರಡನೆಯ ಚರಣಕ್ಕೇ ಹಾಡು ಚಪ್ಪಟೆಯಾಗುತ್ತದೆ. ಕೀಬೋರ್ಡಿನಲ್ಲಿ ‘ಸ್ಟ್ರಿಂಗ್ಸ್’ ದನಿ ಇದ್ದರೆ ಅದನ್ನು ಎರಡನೆಯ ಚರಣದವರೆಗೂ ಮುಟ್ಟಬೇಡಿ. ಮೊದಲಿನಿಂದಲೇ ಒತ್ತಿ ಹಿಡಿದರೆ ಆಮೇಲೆ ಎತ್ತರಕ್ಕೆ ಹೋಗಲು ಮೆಟ್ಟಿಲೇ ಉಳಿಯುವುದಿಲ್ಲ.

ಬೇಸ್ ಸಾಲಿನಲ್ಲಿ ಹೊಸಬರು ಎಡವುವುದು ಲಯದಲ್ಲಿ. ಒಂದು, ಎರಡು, ಮೂರು, ನಾಲ್ಕು ಎಂದು ನೇರವಾಗಿ ಒತ್ತಿದರೆ ಅದು ಕವಾಯತು ಆಗುತ್ತದೆ. ಮೊದಲ ಪೆಟ್ಟು ಒಂದರ ಮೇಲೆ, ಎರಡನೆಯದು ಎರಡು ಮತ್ತು ಮೂರರ ನಡುವಿನ ಅರೆ ಎಣಿಕೆಯಲ್ಲಿ, ಆಮೇಲೆ ಬಾರಿನ ಕೊನೆಯಲ್ಲಿ ಮುಂದಿನ ಸ್ವರಕ್ಕೆ ಕೈ ಹಿಡಿದು ನಡೆಸುವ ಸಣ್ಣ ಸ್ವರಗಳು. ಎ ಇಂದ ಎಫ್ ಶಾರ್ಪ್‌ಗೆ ಇಳಿಯುವಾಗ ನಡುವೆ ಜಿ ಶಾರ್ಪ್ ಮುಟ್ಟಬೇಕು, ನಮ್ಮ ಲೆಕ್ಕದಲ್ಲಿ ಸ-ನಿ-ಧ. ಲ್ಯಾಟಿನ್ ಅಮೆರಿಕದ ಬಯೋನ್ ಲಯದ ನೆರಳು ಇದು. ಲೀಬರ್ ಮತ್ತು ಸ್ಟೋಲರ್ ಅದನ್ನು ಹಿಂದೆಯೂ ಬಳಸಿದ್ದರು. ಮೊದಲು ನಿಮಿಷಕ್ಕೆ 80 ಎಣಿಕೆಯಲ್ಲಿ, ಕೈಯಲ್ಲಿ ತಾಳ ಹಾಕುತ್ತಾ ಬಾಯಲ್ಲಿ ಹೇಳಿ. ಆಮೇಲೆ ತಂತಿ ಮುಟ್ಟಿ.

ಗ್ವೀರೋ ಕೊಳ್ಳಲೇಬೇಕೆಂದಿಲ್ಲ. ಅಡ್ಡಗೀರುಗಳಿರುವ ಗಟ್ಟಿ ಪ್ಲಾಸ್ಟಿಕ್ ಬಾಟಲಿಯನ್ನು ಊಟದ ಕಡ್ಡಿಯಿಂದ ಉಜ್ಜಿ ಮೈಕಿನ ಹತ್ತಿರ ಹಿಡಿದರೆ ಸಾಕಷ್ಟು ಹೊಂದುತ್ತದೆ. ನೀರು ತುಂಬಿರಬಾರದು, ದನಿ ಸತ್ತುಹೋಗುತ್ತದೆ.

ಕರೋಕೆಯಲ್ಲಿ ಹಾಡುವವರಿಗೆ ಎತ್ತುಗಡೆಯೇ ಗಂಡಾಂತರ. ಆರಂಭದಲ್ಲಿ ಬೇಸ್ ಮಾತ್ರ ಇರುವುದರಿಂದ ಎಲ್ಲಿ ಹಿಡಿಯಬೇಕೆಂದು ಹೇಳುವ ಕಾರ್ಡ್ ಕೇಳಿಸುವುದಿಲ್ಲ. ಎಂಟು ಬಾರ್, ಸುಮಾರು 16 ಸೆಕೆಂಡ್ ಎಣಿಸಬೇಕು. ಬೇಸ್ ಕೆಳಗಿಳಿದು ಮತ್ತೆ ಮನೆಗೆ ಬಂದು ಕೂತದ್ದು ಗೊತ್ತಾದ ಮೇಲೆ ಬಾಯಿ ತೆರೆಯಿರಿ.

ಕಂಠ ಬಲವಿದ್ದವರಿಗೆ: ಓಟಿಸ್ ರೆಡಿಂಗ್

1964ರ ‘ಪೇನ್ ಇನ್ ಮೈ ಹಾರ್ಟ್’ ಆಲ್ಬಂನಲ್ಲಿ ರೆಡಿಂಗ್ ಇದನ್ನು ಹಾಡಿದರು. ಇಲ್ಲಿ ಏರಿಕೆ ಪೂರ್ತಿ ಕಂಠದ್ದು. ಮಾತನ್ನು ಒಡೆಯುತ್ತಾರೆ, ಮತ್ತೆ ಮತ್ತೆ ಹೇಳುತ್ತಾರೆ, ಎಣಿಕೆಗಿಂತ ಹಿಂದೆ ಸರಿದು ಕೊನೆಗೆ ಬಂದು ಸೇರುತ್ತಾರೆ. ಮೂಲದಲ್ಲಿ ತಂತಿವಾದ್ಯ ಮಾಡಿದ ಕೆಲಸವನ್ನು ಇಲ್ಲಿ ಗಂಟಲು ಮಾಡುತ್ತದೆ. ತಂತಿವಾದ್ಯ ಇಲ್ಲದ, ಆದರೆ ಗಟ್ಟಿ ಗಾಯಕ ಇರುವ ಬ್ಯಾಂಡಿಗೆ ನನ್ನ ಶಿಫಾರಸು ಇದೇ.

ಎಚ್ಚರಿಕೆಯೂ ಇದೆ. ರೆಡಿಂಗ್ ಅವರ ಒರಟುತನವನ್ನು ಗಂಟಲು ಬಿಗಿದು ಅನುಕರಿಸಿದರೆ ಅರ್ಧ ಗಂಟೆಯಲ್ಲಿ ದನಿ ಕೂರುತ್ತದೆ. ಅವರಿಂದ ಕಲಿಯಬೇಕಾದದ್ದು ಮಾತು ಬೀಳುವ ಜಾಗ. ಮೊದಲ ಚರಣವನ್ನು ನೇರವಾಗಿ ಹಾಡಿ, ಎರಡನೆಯದರಲ್ಲಿ ಸಾಲಿನ ಕೊನೆಯ ಮಾತನ್ನು ಅರೆ ಎಣಿಕೆ ತಡಮಾಡಿ, ಕೊನೆಯ ಪಲ್ಲವಿಯಲ್ಲಿ ಮಾತ್ರ ಬಿಟ್ಟು ಹಾಡಿ. ಮನೋಧರ್ಮದ ಅಭ್ಯಾಸವಿರುವ ಶಾಸ್ತ್ರೀಯ ಗಾಯಕರಿಗೆ ಇದು ಬೇಗ ಒಗ್ಗುತ್ತದೆ. ಗಮಕ ಹಾಕುವ ಆಸೆಯನ್ನು ಮಾತ್ರ ತಡೆದುಕೊಳ್ಳಬೇಕು.

ಒಂದು ಗಿಟಾರ್ ಮಾತ್ರ ಇದ್ದರೆ

ಇಲ್ಲಿ ಎರಡು ಒಳ್ಳೆಯ ಮಾದರಿಗಳಿವೆ, ಎರಡರ ಗುಣ ಪೂರ್ತಿ ಬೇರೆ.

ಜಾನ್ ಲೆನನ್ 1975ರ ‘ರಾಕ್ ಆ್ಯಂಡ್ ರೋಲ್’ ಆಲ್ಬಂನಲ್ಲಿ ಮಾಡಿದ್ದು ಅಮೆರಿಕದಲ್ಲಿ 20ನೆಯ ಸ್ಥಾನಕ್ಕೆ ಬಂತು. ಬೇಸ್ ಸಾಲಿನ ಜಾಗದಲ್ಲಿ ಅಕೂಸ್ಟಿಕ್ ಗಿಟಾರಿನ ಬೀಸುಗೈ, ಅದರ ಮೇಲೆ ಸೀಳುದನಿಯ ಕಂಠ, ಹಿಂದೆ ಪೂರ್ತಿ ಬ್ಯಾಂಡ್. ಮನೆಯಲ್ಲಿ ಗಿಟಾರ್ ಬಾರಿಸುತ್ತಾ ಹಾಡುವವರು ತಿಳಿಯದೆಯೇ ಅನುಸರಿಸುವುದು ಇದನ್ನೇ. ಅನುಕೂಲ ಏನೆಂದರೆ ಬೇಸ್ ಬೇಕಿಲ್ಲ, ಎಲ್ಲರೂ ಜೊತೆಗೂಡಿ ಹಾಡಬಹುದು. ಆದರೆ ಆ ತೀವ್ರತೆ ಲೆನನ್ ಅವರ ಹಿಂದಿರುವ ಡ್ರಮ್ಸ್‌ನಿಂದಲೂ ಬರುತ್ತದೆ. ಒಂದೇ ಗಿಟಾರಿನಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ಬೀಸು ಹಾಕಿದರೆ ಆ ಬಲ ಬರುವುದಿಲ್ಲ. ಮೊದಲ ಚರಣದಲ್ಲಿ ಅಂಗೈ ತಂತಿಗೆ ತಾಗಿಸಿ ಮಂದವಾಗಿ, ಪಲ್ಲವಿಯಲ್ಲಿ ಕೈ ಎತ್ತಿ ಪೂರ್ತಿ ಬಾರಿಸಿ, ಎರಡನೆಯ ಚರಣದ ಆರಂಭಕ್ಕೆ ಮತ್ತೆ ಇಳಿಸಿ.

ಟ್ರೇಸಿ ಚಾಪ್‌ಮನ್ 2015ರ ಏಪ್ರಿಲ್‌ನಲ್ಲಿ ಡೇವಿಡ್ ಲೆಟರ್‌ಮನ್ ಅವರ ಟೀವಿ ಕಾರ್ಯಕ್ರಮದಲ್ಲಿ ಒಂದು ಎಲೆಕ್ಟ್ರಿಕ್ ಗಿಟಾರ್ ಹಿಡಿದು ಒಬ್ಬರೇ ಹಾಡಿದರು. ಅದೇ ತಿಂಗಳ ಕೊನೆಯಲ್ಲಿ, 30ರಂದು, ಕಿಂಗ್ ತೀರಿಕೊಂಡರು. ಚಾಪ್‌ಮನ್ ಏರಿಕೆಯನ್ನು ಹುಡುಕುವುದು ಮೌನದಲ್ಲಿ: ತಂತಿಯನ್ನು ಕಡಿಮೆ ಮುಟ್ಟುತ್ತಾರೆ, ಸಾಲುಗಳ ನಡುವೆ ಜಾಗ ಬಿಡುತ್ತಾರೆ, ಕೇಳುವವರು ಮುಂದಕ್ಕೆ ಬಾಗುವಂತೆ ಮಾಡುತ್ತಾರೆ. ತಗ್ಗುದನಿಯ ಹೆಣ್ಣುಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಹೆಣ್ಣುದನಿ ಎಂದರೆ ಶ್ರುತಿ ಏರಿಸಲೇಬೇಕು ಎಂಬ ಅಭ್ಯಾಸವನ್ನು ಇದು ಬಿಡಿಸುತ್ತದೆ. ಗದ್ದಲದ ಸಭಾಂಗಣಕ್ಕೆ, ಊಟ ನಡೆಯುತ್ತಿರುವ ಜಾಗಕ್ಕೆ ಮಾತ್ರ ಇದನ್ನು ಒಯ್ಯಬೇಡಿ. ಆ ಮೌನ ಅಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಗಿಟಾರಿನಲ್ಲಿ ಹೊಸಬರನ್ನು ಕಾಡುವುದು ಎಫ್ ಶಾರ್ಪ್ ಮೈನರ್. ಒಂದೇ ಬೆರಳಿನಿಂದ ಆರೂ ತಂತಿ ಒತ್ತಬೇಕು. ಎರಡನೆಯ ಮನೆಯಲ್ಲಿ (ಫ್ರೆಟ್) ಕೇಪೋ, ಅಂದರೆ ತಂತಿಗಳನ್ನು ಅಡ್ಡಲಾಗಿ ಒತ್ತಿ ಹಿಡಿಯುವ ಕ್ಲಿಪ್ಪು, ಹಾಕಿ ಜಿ, ಇ ಮೈನರ್, ಸಿ, ಡಿ ಆಕಾರಗಳನ್ನು ಹಿಡಿಯಿರಿ. ಕೇಳಿಸುವುದು ಮೂಲದ ಎ ಶ್ರುತಿಯೇ. ಇದೇ ಆಕಾರಗಳೊಂದಿಗೆ ಕೇಪೋವನ್ನು ಐದನೆಯ ಮನೆಗೆ ಸರಿಸಿದರೆ ಸಿ, ಏಳಕ್ಕೆ ಸರಿಸಿದರೆ ಡಿ, ಕೇಪೋ ತೆಗೆದರೆ ಮೂಲಕ್ಕಿಂತ ಎರಡು ಮೆಟ್ಟಿಲು ಕೆಳಗಿನ ಜಿ. ಏಳನೆಯ ಮನೆಯಲ್ಲಿ ಗಿಟಾರಿನ ದನಿ ತೆಳುವಾಗುತ್ತದೆ, ಅಗ್ಗದ ಗಿಟಾರಿನಲ್ಲಿ ಅಪಸ್ವರವೂ ಇಣುಕುತ್ತದೆ. ಕೇಪೋ ಹಾಕಿದ ಮೇಲೆ ಇನ್ನೊಮ್ಮೆ ಶ್ರುತಿ ಮಾಡಿಕೊಳ್ಳುವುದನ್ನು ಮರೆಯಬೇಡಿ.

ಕುಣಿಸಬೇಕೆಂದರೆ

ಪ್ರಿನ್ಸ್ ರಾಯ್ಸ್ 2010ರಲ್ಲಿ ಇದನ್ನು ಬಚಾಟಾ ಮಾಡಿದರು, ಡೊಮಿನಿಕನ್ ಗಣರಾಜ್ಯದ ಕುಣಿತದ ಸಂಗೀತ. ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡೂ ಇವೆ. ಆ ವರ್ಷದ ಲ್ಯಾಟಿನ್ ಗ್ರ್ಯಾಮಿ ಸಮಾರಂಭದಲ್ಲಿ ಕಿಂಗ್ ಅವರೇ ರಾಯ್ಸ್ ಜೊತೆ ನಿಂತು ಹಾಡಿದರು. ಏರಿಕೆಯ ಹೊರೆಯನ್ನು ಲಯ ಮತ್ತು ಭಾಷೆ ಹಂಚಿಕೊಂಡಿವೆ. ಮೂಲದಲ್ಲಿ ಬುರುಡೆ ಉಜ್ಜಿದ ಜಾಗದಲ್ಲಿ ಇಲ್ಲಿ ಲೋಹದ ಗ್ವೀರಾ ಉಜ್ಜುತ್ತದೆ, ಜೊತೆಗೆ ಬೊಂಗೊ. ಲೀಡ್ ಗಿಟಾರ್ ಕಾರ್ಡುಗಳನ್ನು ಬಿಡಿಸಿ ಬಿಡಿಸಿ ನುಡಿಸಬೇಕು, ಬೆರಳು ಚುರುಕಾಗಿರಬೇಕು. ತಬಲಾ ಅಥವಾ ಢೋಲಕ್ ನುಡಿಸುವವರು ಬೊಂಗೊದ ನಡೆಯನ್ನು ಬೇಗ ಹಿಡಿಯುತ್ತಾರೆ, ಅದು ಸಮಸ್ಯೆಯಾಗದು. ಸಮಸ್ಯೆ ಗಿಟಾರಿನದು. ಆ ಬೆರಳು ಇರುವವರು ಸಿಗದಿದ್ದರೆ ಈ ದಾರಿ ಬೇಡ.

ಮಿಕ್ಕಿ ಗಿಲ್ಲಿ 1980ರಲ್ಲಿ ಕಂಟ್ರಿ ಶೈಲಿಯಲ್ಲಿ ಹಾಡಿ ಆ ಪಟ್ಟಿಯ ಮೊದಲ ಸ್ಥಾನ ಪಡೆದರು. ನಡೆ ಆರಾಮವಾಗಿದೆ, ಹಾಡಲು ಸುಲಭ. ಮಾರಿಸ್ ವೈಟ್ ಅವರ 1985ರ ಆವೃತ್ತಿ ಸಿಂಥಸೈಜರ್ ಮೇಲೆ ನಿಂತಿದೆ. ಕೀಬೋರ್ಡ್ ಒಂದರಿಂದಲೇ ಕಾರ್ಯಕ್ರಮ ನಡೆಸುವವರು ಒಮ್ಮೆ ಕೇಳಿ ನೋಡಬಹುದು. ಬಾಕ್ಸಿಂಗ್ ದೊರೆ ಮುಹಮ್ಮದ್ ಅಲಿ ಕೂಡ, ಕ್ಯಾಶಿಯಸ್ ಕ್ಲೇ ಆಗಿದ್ದ ಕಾಲದಲ್ಲಿ, ಇದನ್ನು ಹಾಡಿದ್ದಾರೆ. ಕೇಳುವುದಕ್ಕೆ ಚೆಂದ, ಕಲಿಯುವುದಕ್ಕಲ್ಲ.

ಸ್ಪೈಡರ್ ಟರ್ನರ್ ಅವರದು ಬೇರೆಯೇ ಜಾಣತನ. 1967ರಲ್ಲಿ ಪಾಪ್ ಪಟ್ಟಿಯ 12ನೆಯ ಸ್ಥಾನಕ್ಕೆ ಬಂದ ಅವರ ಆವೃತ್ತಿಯಲ್ಲಿ ಜಾಕಿ ವಿಲ್ಸನ್, ಸ್ಮೋಕಿ ರಾಬಿನ್ಸನ್, ಡೇವಿಡ್ ರಫಿನ್ ಮೊದಲಾದ ಆ ಕಾಲದ ಗಾಯಕರು ಇದೇ ಹಾಡನ್ನು ಹೇಗೆ ಹಾಡುತ್ತಿದ್ದರು ಎಂದು ಒಬ್ಬೊಬ್ಬರ ದನಿಯನ್ನೂ ಅನುಕರಿಸಿ ತೋರಿಸುತ್ತಾರೆ. ಆವರ್ತನಕ್ಕೊಂದು ದನಿ. ಮಿಮಿಕ್ರಿ ಬಲ್ಲವರು ಕಾಲೇಜ್ ಫೆಸ್ಟಿನಲ್ಲಿ ನಮ್ಮ ಗಾಯಕರ ದನಿಗಳಲ್ಲಿ ಇದನ್ನು ಮಾಡಿದರೆ ಸಭೆ ಎದ್ದು ನಿಲ್ಲುತ್ತದೆ.

ಹತ್ತು ಜನ ಇದ್ದರೆ ವೃಂದಗಾನ

2018ರ ಮೇ 19ರಂದು ವಿಂಡ್ಸರ್‌ನ ಸೇಂಟ್ ಜಾರ್ಜ್ ಚಾಪೆಲ್‌ನಲ್ಲಿ ಬ್ರಿಟನ್ನಿನ ರಾಜಕುಮಾರ ಹ್ಯಾರಿ ಮತ್ತು ಮೇಗನ್ ಮದುವೆಯಲ್ಲಿ, ಕರೆನ್ ಗಿಬ್ಸನ್ ನಿರ್ದೇಶನದಲ್ಲಿ ಕಿಂಗ್‌ಡಮ್ ಕ್ವಾಯರ್ ಹಾಡಿದ್ದನ್ನು ಜಗತ್ತೇ ನೋಡಿತು. ಅದು ಹೊರಗಿನಿಂದ ತಂದು ಅಂಟಿಸಿದ ಶೈಲಿ ಅಲ್ಲ. ಹಾಡಿನ ಬೇರು ಇರುವುದೇ ಚರ್ಚಿನಲ್ಲಿ: ಚಾರ್ಲ್ಸ್ ಆಲ್ಬರ್ಟ್ ಟಿಂಡ್ಲಿ 1905ರಲ್ಲಿ ರಚಿಸಿದ ಇದೇ ಹೆಸರಿನ ಸ್ತುತಿಗೀತೆ, ಆಮೇಲೆ ಸೋಲ್ ಸ್ಟಿರರ್ಸ್ ತಂಡ ಹಾಡಿದ ಗಾಸ್ಪೆಲ್ ಗೀತೆ, ಬೈಬಲಿನ 46ನೆಯ ಕೀರ್ತನೆಯ ಪರ್ವತ ಸಮುದ್ರಗಳ ಚಿತ್ರ. ಆ ಮದುವೆಗಾಗಿ ಸಂಯೋಜನೆಯನ್ನು ಹಲವು ಸಲ ತಿದ್ದಿ, ಕೊನೆಗೆ ತೀರಾ ಸರಳಗೊಳಿಸಿದರು. ಕೇಳುವಾಗ ಅದೇ ಅದರ ಬಲವೆಂದು ಗೊತ್ತಾಗುತ್ತದೆ.

ನಮ್ಮಲ್ಲಿ ಎಲ್ಲರೂ ಒಂದೇ ಸ್ವರದಲ್ಲಿ ಒಟ್ಟಿಗೆ ಹಾಡಿ ಅಭ್ಯಾಸ. ಮೂರು ದನಿ ಬೇರ್ಪಟ್ಟ ಕೂಡಲೇ ಅಕ್ಕಪಕ್ಕದವರ ಸ್ವರಕ್ಕೆ ಜಾರುತ್ತಾರೆ. ಈ ಹಾಡು ಅದನ್ನು ಕಲಿಯಲು ಹೇಳಿ ಮಾಡಿಸಿದ ಹಾಗಿದೆ, ಏಕೆಂದರೆ ಕಾರ್ಡ್ ಬದಲಾದಾಗ ಹೆಚ್ಚಿನವರು ಇದ್ದಲ್ಲೇ ಇರಬಹುದು. ಮೊದಲ ಎರಡು ಬಾರ್: ಸ, ಗ, ಪ. ಮುಂದಿನ ಎರಡು: ಸ, ಗ ಕದಲುವುದಿಲ್ಲ, ಪ ಮಾತ್ರ ‘ಧ’ಕ್ಕೆ ಏರುತ್ತದೆ. ಐದನೆಯ ಬಾರಿನಲ್ಲಿ ಗ ಮಾತ್ರ ‘ಮ’ಕ್ಕೆ ಏರುತ್ತದೆ. ಆರನೆಯದರಲ್ಲಿ ಮೂವರೂ ಇಳಿಯುತ್ತಾರೆ: ಕೆಳಗಿನ ನಿ, ರಿ, ಪ. ಕೊನೆಯ ಎರಡು ಬಾರ್‌ಗಳಿಗೆ ಮತ್ತೆ ಸ, ಗ, ಪ. ತಪ್ಪು ಆಗುವುದೆಲ್ಲ ಆರನೆಯ ಬಾರಿನಲ್ಲಿ, ಅದರಲ್ಲೂ ‘ಮ’ದಿಂದ ‘ರಿ’ಗೆ ಇಳಿಯುವ ನಡುದನಿಯವರಲ್ಲಿ. ಅವರನ್ನು ಪ್ರತ್ಯೇಕವಾಗಿ ಕೂರಿಸಿ, ಅವರ ಭಾಗವನ್ನಷ್ಟೇ ಫೋನಿನಲ್ಲಿ ರೆಕಾರ್ಡ್ ಮಾಡಿ ಕೊಡಿ. ಮನೆಯಲ್ಲಿ ಅದನ್ನೇ ಕೇಳಲಿ. ಮೂರು ಗುಂಪು ಒಟ್ಟು ಸೇರುವುದು ಎರಡನೆಯ ವಾರದಿಂದ ಸಾಕು.

ಮೇಳ ದೊಡ್ಡದಿದ್ದು, ಸಂಜೆಯ ಗಂಭೀರ ವಾತಾವರಣ ಬೇಕಿದ್ದರೆ ಫ್ಲಾರೆನ್ಸ್ ಆ್ಯಂಡ್ ದ ಮಶೀನ್ 2016ರಲ್ಲಿ ‘ಫೈನಲ್ ಫ್ಯಾಂಟಸಿ 15’ ವಿಡಿಯೋ ಗೇಮಿಗಾಗಿ ಮಾಡಿದ್ದನ್ನೂ ಕೇಳಿ. ಪಿಸುದನಿಯಲ್ಲಿ ಹೊರಟು ದೊಡ್ಡದಾಗಿ ತೆರೆದುಕೊಳ್ಳುತ್ತದೆ. ಒಳ್ಳೆಯ ಮೈಕ್ ಮತ್ತು ಅದನ್ನು ನಿಭಾಯಿಸುವ ಸೌಂಡ್ ಎಂಜಿನಿಯರ್ ಇಲ್ಲದೆ ಆ ಪಿಸುದನಿ ಉಳಿಯುವುದಿಲ್ಲ.

ಬೇರೆ ಬೇರೆ ಊರಲ್ಲಿ ಇರುವ ಗೆಳೆಯರಿಗೆ

‘ಪ್ಲೇಯಿಂಗ್ ಫಾರ್ ಚೇಂಜ್’ ತಂಡದ ಆವೃತ್ತಿ ಸಾಂಟಾ ಮೋನಿಕಾದ ಬೀದಿ ಗಾಯಕ ರೋಜರ್ ರಿಡ್ಲಿ ಅವರಿಂದ ಶುರುವಾಗುತ್ತದೆ. ಅದರ ಮೇಲೆ ನ್ಯೂ ಆರ್ಲಿಯನ್ಸ್‌ನ ಗ್ರ್ಯಾಂಡ್‌ಪಾ ಎಲಿಯಟ್ ಮೊದಲ್ಗೊಂಡು ಹಲವು ದೇಶಗಳ ಕಲಾವಿದರು ತಮ್ಮ ತಮ್ಮ ಊರಿನಲ್ಲೇ ನಿಂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸೇರಿಕೊಳ್ಳುತ್ತಾರೆ. ಆವರ್ತನಕ್ಕೊಬ್ಬ ಹೊಸ ಮನುಷ್ಯ, ಅದೇ ಏರಿಕೆ. ಒಬ್ಬರು ಮೈಸೂರಿನಲ್ಲಿ, ಒಬ್ಬರು ಡಲ್ಲಾಸಿನಲ್ಲಿ ಇರುವ ತಂಡಕ್ಕೆ ಇದು ಸಹಜ ಆಯ್ಕೆ.

ಕ್ರಮ ತಪ್ಪಿದರೆ ಮಾತ್ರ ಜೋಡಿಸುವವರ ಪಾಡು ಬೇಡ. ಮೊದಲು ಒಬ್ಬರು ಕ್ಲಿಕ್, ಅಂದರೆ ಎಣಿಕೆ ತೋರಿಸುವ ಟಿಕ್ ಟಿಕ್ ಸದ್ದಿನ ಜೊತೆ, ಒಂದೇ ವೇಗದಲ್ಲಿ ಗಿಟಾರ್ ಮತ್ತು ಕಂಠ ರೆಕಾರ್ಡ್ ಮಾಡಬೇಕು. ಆರಂಭದಲ್ಲಿ ನಾಲ್ಕು ಎಣಿಕೆ ಚಪ್ಪಾಳೆ ಇರಲಿ, ಎಲ್ಲರೂ ಅದರೊಂದಿಗೆ ಚಪ್ಪಾಳೆ ತಟ್ಟಲಿ. ಆಮೇಲೆ ಸಾಲು ಹೊಂದಿಸಲು ಅದೇ ಗುರುತು. ಎ ಸ್ವರ 440 ಹರ್ಟ್ಸ್ ಎಂದು ಮೊದಲೇ ಒಪ್ಪಿಕೊಳ್ಳಿ. ಹಾರ್ಮೋನಿಯಂ ಅಥವಾ ಕೊಳಲು ಸೇರುವುದಿದ್ದರೆ ಅದರ ಶ್ರುತಿಯನ್ನು ಟ್ಯೂನರಿನಲ್ಲಿ ನೋಡಿಯೇ ಮುಂದುವರಿಯಿರಿ. ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ, ದನಿ ತಡವಾಗಿ ಕಿವಿಗೆ ಬರುವುದರಿಂದ ಎಲ್ಲರೂ ಎಣಿಕೆಗಿಂತ ಹಿಂದೆ ಬೀಳುತ್ತಾರೆ. ತಂತಿ ಇರುವ ಸಾದಾ ಇಯರ್‌ಫೋನ್ ಸಾಕು. ಫೈಲನ್ನು ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಆಗಿ ಕಳಿಸದೆ ಡ್ರೈವ್‌ನಲ್ಲಿ ಹಾಕಿ.

ಹಕ್ಕು, ಪರವಾನಗಿ

ಹಾಡಿನ ಹಕ್ಕು ಇನ್ನೂ ಜೀವಂತವಾಗಿದೆ. ಮದುವೆ ಮತ್ತು ಅದಕ್ಕೆ ಸೇರಿದ ಸಮಾರಂಭದಲ್ಲಿ ಹಾಡಲು ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ವಿನಾಯಿತಿ ಕೊಡುತ್ತದೆ. ಟಿಕೆಟ್ ಇಟ್ಟ ಕಾರ್ಯಕ್ರಮ, ಹೋಟೆಲ್, ಕೆಫೆಗಳಲ್ಲಾದರೆ ಪರವಾನಗಿ ಬೇಕು. ಗೀತೆ ಬರೆದವರ ಹಕ್ಕನ್ನು ಇಲ್ಲಿ ನೋಡಿಕೊಳ್ಳುವುದು ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ). ಆ ಹೊಣೆ ಆಯೋಜಕರದೋ ನಿಮ್ಮದೋ ಎಂದು ಮೊದಲೇ ಕೇಳಿ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಯೂಟ್ಯೂಬಿಗೆ ಹಾಕಿದರೆ ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗಬಹುದು. ಬೇರೆಯವರ ಕರೋಕೆ ಟ್ರ್ಯಾಕ್ ಬಳಸಿದ್ದರೆ ಅದರ ತಯಾರಕರ ಹಕ್ಕು ಬೇರೆ. ಸ್ವಂತ ಗಿಟಾರಿನಲ್ಲಿ ಮಾಡಿದರೆ ಆ ಎರಡನೆಯ ತಲೆನೋವು ಇರುವುದಿಲ್ಲ.

ಇನ್ನೂ ಎರಡರ ನಡುವೆ ತೂಗುತ್ತಿದ್ದರೆ

ಎರಡನ್ನೂ ಒಂದೇ ಸಂಜೆ ಪೂರ್ತಿ ಹಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಮರುದಿನ ಕೇಳಿ. ಮೊದಲ ಒಂದು ನಿಮಿಷವನ್ನು ಬಿಟ್ಟುಬಿಡಿ, ಅಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಎರಡನೆಯ ಚರಣದಿಂದ ಕೇಳುತ್ತಾ ಹೋಗಿ, ಕೈ ಯಾವಾಗ ಫೋನಿನ ಕಡೆಗೆ ಹೋಗುತ್ತದೆ ಎಂದು ಗಮನಿಸಿ. ಎಂಟನೆಯ ಆವರ್ತನದವರೆಗೆ ನಿಮ್ಮನ್ನು ಹಿಡಿದು ಕೂರಿಸಿದ್ದನ್ನು ಇಟ್ಟುಕೊಳ್ಳಿ. ಎರಡೂ ಕೂರಿಸದಿದ್ದರೆ ಆವೃತ್ತಿ ಬದಲಿಸುವ ಮೊದಲು ಒಂದು ಚರಣ ಕಡಿಮೆ ಮಾಡಿ ಇನ್ನೊಮ್ಮೆ ಹಾಡಿ ನೋಡಿ.